ವಿಲ್ ಹಿಡಿದು ವಕೀಲರ ಬಳಿ ಹೋಗುವಾಗ

ಕೇಳುಗರಿಗೆ ನಮಸ್ಕಾರ.

ನಮ್ಮ ದೊಡ್ಡಪ್ಪ ತೀರಿಕೊಂಡ ಮೇಲೆ ಬಸವನಗುಡಿಯ ಮನೆಯ ಬೀರುವಿನಲ್ಲಿ ಅವರ ವಿಲ್ ಸಿಕ್ಕಿತು. ಅದನ್ನು ಹಿಡಿದು ವಕೀಲರ ಬಳಿ ಹೋದೆವು. ಮನೆಗೆ ಎಷ್ಟು ಬೆಲೆ ಬರುತ್ತೆ ಅಂತ ಅವರು ಕೇಳಲಿಲ್ಲ. ಕೊನೆಯ ಹಾಳೆ ತಿರುಗಿಸಿ, "ಸಾಕ್ಷಿ ಹಾಕಿದ ಇಬ್ಬರು ಈಗ ಎಲ್ಲಿದ್ದಾರೆ?" ಎಂದರು. ಹುಡುಕಿದೆವು. ಒಬ್ಬರು ಆಗಲೇ ತೀರಿಹೋಗಿದ್ದರು. ಇನ್ನೊಬ್ಬರು ತುಮಕೂರಿನಲ್ಲಿ ಮಗಳ ಮನೆಯಲ್ಲಿದ್ದರು, 80 ದಾಟಿದ ವಯಸ್ಸು.

ಆ ಪ್ರಶ್ನೆಯ ಬೆಲೆ ನನಗೆ ಆಮೇಲೆ ತಿಳಿಯಿತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್‌ಗೆ ಕನಿಷ್ಠ ಇಬ್ಬರು ಸಾಕ್ಷಿ ಹಾಕಿರಬೇಕು. ಅವರಲ್ಲಿ ಬದುಕಿರುವ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ವಿಲ್ ರಿಜಿಸ್ಟರ್ ಆಗಿದ್ದರೂ ಇದು ತಪ್ಪುವುದಿಲ್ಲ. ಇಬ್ಬರೂ ಇಲ್ಲವಾದರೆ ಸಹಿ, ಕೈಬರಹ ಗುರುತಿಸುವವರನ್ನು ತರಬೇಕು. ಅದು ಜಾಸ್ತಿ ಕಷ್ಟ. ಹಾಗಾಗಿ ಸಾಕ್ಷಿಗಳ ಬಗ್ಗೆ ಮೊದಲು ವಿಚಾರಿಸುವ ವಕೀಲರನ್ನು ನಂಬಬಹುದು ಅಂತ ನನಗೆ ಅನಿಸುತ್ತದೆ.

ಇನ್ನೊಂದು ಮಾತು. ಬೆಂಗಳೂರಿನಲ್ಲೇ ಹಿಂದೂಗಳು ಬರೆದ, ಇಲ್ಲಿನದೇ ಆಸ್ತಿಯ ವಿಲ್‌ಗೆ ಪ್ರೊಬೇಟ್, ಅಂದರೆ ವಿಲ್ ನಿಜವಾದದ್ದೇ ಎಂದು ಕೋರ್ಟ್ ಕೊಡುವ ಪ್ರಮಾಣಪತ್ರ, ಕಡ್ಡಾಯ ಅಲ್ಲ. ನಿಮಗೆ ಅದು ನಿಜವಾಗಿ ಬೇಕಾ ಅಂತ ವಕೀಲರನ್ನೇ ನೇರವಾಗಿ ಕೇಳಿ. ಮನೆಯಲ್ಲಿ ತಕರಾರು ಇದ್ದರೆ ಬೇಕಾಗಬಹುದು. ವಿಲ್‌ನಲ್ಲಿ ಎಕ್ಸಿಕ್ಯೂಟರ್, ಅಂದರೆ ಅದರಲ್ಲಿ ಬರೆದಂತೆ ನಡೆಸುವ ಹೊಣೆ ಹೊತ್ತವರು, ಎಂದು ಹೆಸರಿಸಿದವರಿಗೆ ಮಾತ್ರ ಪ್ರೊಬೇಟ್ ಸಿಗುತ್ತದೆ. ಯಾರನ್ನೂ ಹೆಸರಿಸದಿದ್ದರೆ ಹಾಕುವ ಅರ್ಜಿಯೇ ಬೇರೆ.

ಅರ್ಜಿ ಸಿಟಿ ಸಿವಿಲ್ ಕೋರ್ಟಿನಲ್ಲಿ. ಮೂಲ ವಿಲ್ ಅಲ್ಲಿಗೇ ಹೋಗುತ್ತದೆ, ಜೆರಾಕ್ಸ್ ತೆಗೆದಿಟ್ಟುಕೊಳ್ಳಿ. ಹತ್ತಿರದ ವಾರಸುದಾರರ ಹೆಸರು, ವಿಳಾಸ ಎಲ್ಲ ಕೊಡಬೇಕು. ಮಾತು ಬಿಟ್ಟ ತಮ್ಮನನ್ನೂ, ಮದುವೆಯಾಗಿ ಹೋದ ಅಕ್ಕನನ್ನೂ ಬಿಡಬೇಡಿ. ಮುಚ್ಚಿಟ್ಟರೆ ಆಮೇಲೆ ಪ್ರೊಬೇಟೇ ರದ್ದಾಗಬಹುದು. ಯಾರಾದರೂ ಆಕ್ಷೇಪಿಸಿದರೆ ಅದು ದಾವೆಯಂತೆ ನಡೆಯುತ್ತದೆ, ವರ್ಷಗಳೇ ಹಿಡಿಯಬಹುದು. ಇಷ್ಟೇ ತಿಂಗಳಲ್ಲಿ ಆರ್ಡರ್ ತರುತ್ತೇನೆ ಎಂದು ಯಾರೂ ಮಾತು ಕೊಡಲಾರರು.

ಫೀಸಿನ ಮಾತು ವಕಾಲತ್ತಿಗೆ ಸಹಿ ಹಾಕುವ ಮೊದಲೇ ಆಗಲಿ, ಬರವಣಿಗೆಯಲ್ಲಿ. ಕೋರ್ಟ್ ಶುಲ್ಕ ಬೇರೆ, ಪತ್ರಿಕೆ ಪ್ರಕಟಣೆ ಬೇರೆ. ಗೆದ್ದರೆ ಆಸ್ತಿಯಲ್ಲಿ ಇಷ್ಟು ಪಾಲು ಎನ್ನುವ ವಕೀಲರಿಂದ ಎದ್ದು ಬನ್ನಿ. ಬಾರ್ ಕೌನ್ಸಿಲ್ ನಿಯಮ ಅದಕ್ಕೆ ಒಪ್ಪುವುದಿಲ್ಲ.

ಪ್ರೊಬೇಟ್ ಸಿಕ್ಕ ಮೇಲೂ ಕೆಲಸ ಇದೆ. ಎಕ್ಸಿಕ್ಯೂಟರ್ 6 ತಿಂಗಳಲ್ಲಿ ಆಸ್ತಿಪಟ್ಟಿ, 1 ವರ್ಷದಲ್ಲಿ ಲೆಕ್ಕ ಕೋರ್ಟಿಗೆ ಕೊಡಬೇಕು. ಅದೂ ಫೀಸಿನಲ್ಲಿ ಸೇರಿದೆಯಾ ಅಂತ ಮೊದಲ ಭೇಟಿಯಲ್ಲೇ ಕೇಳಿಬಿಡಿ. ನಮಸ್ಕಾರ.