ಕ್ರ್ಯಾಂಕ್ ಸೆನ್ಸರ್: ತಪ್ಪು ತಂತಿಯದು, ಶಿಕ್ಷೆ ಸೆನ್ಸರಿಗೆ

ಎಲ್ಲರಿಗೂ ನಮಸ್ಕಾರ.

ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಸ್ಕ್ಯಾನರ್ ಹಾಕಿದರೆ ಪಿ0335 ಎಂಬ ದೋಷದ ಕೋಡ್. ಅದು ಕಂಡದ್ದೇ ತಡ, ಕ್ರ್ಯಾಂಕ್ ಶಾಫ್ಟ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರನ್ನು ಹೊಸದಾಗಿ ತರಿಸಿಬಿಡುತ್ತೇವೆ. ಆದರೆ ಆ ಕೋಡ್ ದೂರುವುದು ಸೆನ್ಸರನ್ನಲ್ಲ, ಅದರ ಸರ್ಕ್ಯೂಟನ್ನು. ಅದರಲ್ಲಿ ಕನೆಕ್ಟರ್ ಇದೆ, ತಂತಿ ಇದೆ, ಕೊನೆಗೆ ಇಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು ಕೂಡ ಇದೆ. ನನ್ನ ಅನುಭವದಲ್ಲಿ ಬಡಪಾಯಿ ಸೆನ್ಸರಿಗಿಂತ ತಂತಿಯ ತಪ್ಪೇ ಹೆಚ್ಚು.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಕ್ರ್ಯಾಂಕ್ ಶಾಫ್ಟಿನ ಜೊತೆ ಹಲ್ಲುಗಳಿರುವ ಒಂದು ಚಕ್ರ ತಿರುಗುತ್ತದೆ, ಆ ಹಲ್ಲುಗಳು ಸೆನ್ಸರಿನ ಮುಂದೆ ಹಾದುಹೋಗುತ್ತವೆ. ಬಹಳ ಇಂಜಿನ್‌ಗಳಲ್ಲಿ ಅದು 60-2, ಅಂದರೆ 60 ಹಲ್ಲಿನ ಜಾಗದಲ್ಲಿ 58 ಹಲ್ಲು, ಎರಡು ಬೋಳು. ಹಲ್ಲಿನಿಂದ ಹಲ್ಲಿಗೆ 6 ಡಿಗ್ರಿ. ಆ ಬೋಳು ಜಾಗ ಬಂದಾಗ ಇಸಿಯು ಎಣಿಕೆ ಹೊಸದಾಗಿ ಶುರು ಮಾಡುತ್ತದೆ. ಯಾವಾಗ ಸ್ಪಾರ್ಕ್ ಕೊಡಬೇಕು, ಯಾವಾಗ ಇಂಧನ ಚಿಮ್ಮಿಸಬೇಕು, ಎಲ್ಲ ಲೆಕ್ಕವೂ ಆ ಎಣಿಕೆಯ ಮೇಲೆ.

ಸೆನ್ಸರಿನಲ್ಲಿ ಮುಖ್ಯವಾಗಿ ಎರಡು ಜಾತಿ. ವಿಆರ್ (ವೇರಿಯಬಲ್ ರಿಲಕ್ಟೆನ್ಸ್) ಎನ್ನುವುದು ಅಯಸ್ಕಾಂತಕ್ಕೆ ಸುತ್ತಿದ ಕಾಯಿಲ್, ಅಷ್ಟೆ. ಅದಕ್ಕೆ ಹೊರಗಿನ ಕರೆಂಟ್ ಬೇಡ, ಹಲ್ಲು ಹಾದುಹೋದಂತೆ ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ. ಎರಡನೆಯದು ಹಾಲ್, ಅಯಸ್ಕಾಂತೀಯ ಕ್ಷೇತ್ರದ ಏರಿಳಿತವನ್ನು ಗುರುತಿಸುವ ಸಣ್ಣ ಚಿಪ್; ಅದಕ್ಕೆ ಸಪ್ಲೈ, ಗ್ರೌಂಡ್, ಸಿಗ್ನಲ್ ಎಂದು ಮೂರು ತಂತಿ. ಆದರೆ ಮೂರು ಪಿನ್ ಕಂಡ ಮಾತ್ರಕ್ಕೆ ಹಾಲ್ ಎಂದು ತೀರ್ಮಾನಿಸಬೇಡಿ. ವಿಆರ್‌ನಲ್ಲೂ ಮೂರನೆಯದಾಗಿ ಶೀಲ್ಡ್ ತಂತಿ, ಅಂದರೆ ಹೊರಗಿನ ವಿದ್ಯುತ್ ಗದ್ದಲ ತಡೆಯುವ ಹೊದಿಕೆಯ ತಂತಿ, ಇರುವುದುಂಟು. ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಹಾರ್ನೆಸ್ ಕಡೆ, ಅಂದರೆ ಇಸಿಯುವಿನಿಂದ ಬರುವ ತಂತಿಗಳ ಕಡೆ, ಅಳೆಯಿರಿ. ಒಂದು ಪಿನ್ನಿನಲ್ಲಿ 5 ಅಥವಾ 12 ವೋಲ್ಟ್, ಇನ್ನೊಂದರಲ್ಲಿ ಗಟ್ಟಿ ಗ್ರೌಂಡ್ ಸಿಕ್ಕರೆ ಅದು ಹಾಲ್. ವಿಆರ್ ತಂತಿಗಳ ಮೇಲೂ ಇಸಿಯು ಸಣ್ಣ ಬಯಾಸ್ ವೋಲ್ಟೇಜ್ ಇಟ್ಟಿರಬಹುದು, ಅದನ್ನು ಸಪ್ಲೈ ಎಂದುಕೊಂಡು ಮೋಸಹೋಗಬೇಡಿ.

ಹಾಲ್ ಸೆನ್ಸರಿಗೆ ಓಮ್ ಮೀಟರ್ ಹಿಡಿದು ಏನೂ ತಿಳಿಯುವುದಿಲ್ಲ. ಕನೆಕ್ಟರ್ ಹಾಕಿಟ್ಟು, ಹಿಂದಿನಿಂದ ಪ್ರೋಬ್ ತೂರಿಸಿ, ಕ್ರ್ಯಾಂಕನ್ನು ಕೈಯಲ್ಲಿ ನಿಧಾನ ತಿರುಗಿಸಿ. ಸಿಗ್ನಲ್ ಒಂದು ಸಲ ಮೇಲೆ, ಒಂದು ಸಲ ಸೊನ್ನೆಯ ಹತ್ತಿರ ಕುಣಿಯಬೇಕು. ವಿಆರ್ ಆದರೆ ಓಮ್ ನೋಡಬಹುದು, ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರದ ಆಸುಪಾಸು. ನಿಖರ ಅಂಕಿ ಆಯಾ ಇಂಜಿನ್ನಿನ ಮ್ಯಾನುಯಲ್‌ನಲ್ಲಿರುತ್ತದೆ. ಆದರೆ ನಾನು ನಂಬುವುದು ಸೆಲ್ಫ್ ಹೊಡೆಯುವಾಗ ಬರುವ ಎಸಿ ವೋಲ್ಟೇಜನ್ನು. ಬ್ಯಾಟರಿ ಸೋತಿದ್ದರೆ ಕ್ರ್ಯಾಂಕ್ ನಿಧಾನ ತಿರುಗುತ್ತದೆ, ವೋಲ್ಟೇಜೂ ಬೀಳುತ್ತದೆ, ಒಳ್ಳೆಯ ಸೆನ್ಸರೂ ಕೆಟ್ಟದ್ದಾಗಿ ಕಾಣುತ್ತದೆ. ಮೂತಿಗೆ ಕಬ್ಬಿಣದ ಪುಡಿ ಅಂಟಿದೆಯೇ, ಹಲ್ಲಿಗೂ ಸೆನ್ಸರಿಗೂ ನಡುವಿನ ಗ್ಯಾಪ್ ಸರಿ ಇದೆಯೇ ಎಂದು ಕೂಡ ಒಮ್ಮೆ ನೋಡಿಬಿಡಿ.

ವಿಆರ್‌ನ ಎರಡು ತಂತಿ ಅದಲುಬದಲಾದರೆ ಏನಾಗುತ್ತದೆ? ಓಮ್ ಸರಿ ತೋರಿಸುತ್ತದೆ, ಎಸಿ ವೋಲ್ಟೇಜೂ ಸರಿ. ಆದರೆ ಅಲೆ ತಲೆಕೆಳಗಾಗಿರುತ್ತದೆ. ಅಲೆ ಸೊನ್ನೆಯನ್ನು ದಾಟುವ ಕ್ಷಣವನ್ನು ಇಸಿಯು ಹಲ್ಲಿನ ನಡುಭಾಗ ಎಂದು ಓದುತ್ತದೆ. ಈಗ ಅದು ಎರಡು ಹಲ್ಲಿನ ನಡುವಿನ ಸಂದಿಯನ್ನು ಓದುತ್ತಿರುತ್ತದೆ. 60-2 ಚಕ್ರದಲ್ಲಿ ಅದು ಅರ್ಧ ಹಲ್ಲು, 3 ಡಿಗ್ರಿ. ಅದಕ್ಕಿಂತ ಕೆಟ್ಟದ್ದೆಂದರೆ ಬೋಳು ಜಾಗದ ಗುರುತೇ ಮಸುಕಾಗುತ್ತದೆ. ಗಾಡಿ ಸ್ಟಾರ್ಟ್ ಆಗಿಯೂ ಬಿಡಬಹುದು, ಆರ್‌ಪಿಎಂ ಏರಿದಾಗ ಮಿಸ್ ಹೊಡೆಯುತ್ತದೆ. ಯಾರೋ ವೈರಿಂಗ್ ಜೋಡಿಸಿದ ಗಾಡಿ ಕೈಗೆ ಬಂದರೆ ನಾನು ಮೊದಲು ನೋಡುವುದು ಇದನ್ನೇ. ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್ ಇಲ್ಲದೆ ಇದು ಕಣ್ಣಿಗೆ ಬೀಳುವುದಿಲ್ಲ.

ಒಂದು ಗಾಡಿಯ ಕಥೆ ಹೇಳುತ್ತೇನೆ. ಅರ್ಧ ಗಂಟೆ ಓಡಿ ಬಿಸಿಯಾದರೆ ಆಫ್, ತಣ್ಣಗಾದರೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಎರಡು ಸೆನ್ಸರ್ ಬದಲಾಗಿತ್ತು, ಎರಡನೆಯದನ್ನು ಬದಲಿಸಿದವನು ನಾನೇ. ಕಾಯಿಲ್ ಬಿಸಿಗೆ ಕೈಕೊಡುವುದು ನಿಜ, ಹಾಗಾಗಿ ಅನುಮಾನ ಸಹಜವಾಗಿತ್ತು. ಆಫ್ ಆದ ಹೊತ್ತಿನಲ್ಲಿ ಸೆಲ್ಫ್ ಹೊಡೆದು ನೋಡಿದರೆ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಮುಳ್ಳು ಅಲುಗಲೇ ಇಲ್ಲ, ಇಸಿಯುಗೆ ಎಣಿಸಲು ಏನೂ ಸಿಗುತ್ತಿಲ್ಲ. ಕನೆಕ್ಟರಿನಿಂದ ನಾಲ್ಕು ಬೆರಳು ಹಿಂದೆ ಟೇಪ್ ಬಿಚ್ಚಿ, ಒಂದೊಂದೇ ತಂತಿಯನ್ನು ಮೆಲ್ಲಗೆ ಎಳೆದೆ. ಒಂದು ತಂತಿ ರಬ್ಬರಿನಂತೆ ಉದ್ದವಾಯಿತು! ಮೇಲಿನ ಇನ್ಸುಲೇಷನ್ ಹೊಚ್ಚಹೊಸದರಂತಿತ್ತು. ಸೀಳಿದರೆ ಒಳಗೆ ತಾಮ್ರ ಕಿಲುಬು ಹಿಡಿದು ತುಂಡಾಗಿತ್ತು. ತಣ್ಣಗಿರುವಾಗ ತುದಿಗಳು ತಾಗಿಕೊಂಡಿರುತ್ತಿದ್ದವು, ಎಕ್ಸಾಸ್ಟ್ ಬಿಸಿಗೆ ಇನ್ಸುಲೇಷನ್ ಮೆತ್ತಗಾದಾಗ ಬಿಟ್ಟುಕೊಳ್ಳುತ್ತಿದ್ದವು.

ಅಂಥ ತಂತಿ ರಿಪೇರಿ ಮಾಡುವಾಗ ಎರಡು ತಂತಿ ಒಂದಕ್ಕೊಂದು ಸುತ್ತಿಕೊಂಡಿರುವ ಹುರಿಯನ್ನು ಹಾಗೇ ಉಳಿಸಿ, ಸ್ಪಾರ್ಕ್ ಪ್ಲಗ್ ಕೇಬಲ್ ಮತ್ತು ಆಲ್ಟರ್ನೇಟರಿನಿಂದ ದೂರ ಒಯ್ಯಿರಿ. ಶೀಲ್ಡನ್ನು ಒಂದೇ ತುದಿಯಲ್ಲಿ, ಸಾಮಾನ್ಯವಾಗಿ ಇಸಿಯು ಕಡೆ, ಗ್ರೌಂಡ್ ಮಾಡಿ. ಎರಡೂ ತುದಿಯಲ್ಲಿ ಕಟ್ಟಿದರೆ ಶೀಲ್ಡಿನಲ್ಲೇ ಕರೆಂಟ್ ಹರಿದು ಗದ್ದಲ ಹುಟ್ಟುತ್ತದೆ.

ಮೇಜಿನ ಮೇಲೆ ಒಂದು ವಿಆರ್ ಸೆನ್ಸರ್ ಇಟ್ಟಿದ್ದೇನೆ, ಮೀಟರ್ ಎಸಿ ಮಿಲಿವೋಲ್ಟಿನಲ್ಲಿದೆ. ಮುಂದಿನ ಸಾಲಿನವರು ಬನ್ನಿ, ಅದರ ಮೂತಿಯ ಮುಂದೆ ಸ್ಪ್ಯಾನರ್ ಬೇಗಬೇಗ ಆಡಿಸಿ ನೋಡಿ.