ಚಾರ್ಲಿ ಕ್ರಿಶ್ಚಿಯನ್ ಕೈಯಲ್ಲಿರೋ ಗಿಟಾರ್ ಯಾವುದು?

ಈ ಕಪ್ಪು-ಬಿಳುಪು ಫೋಟೋ ನೋಡಿ. ಗಿಟಾರ್ ತಬ್ಬಿ ಕೂತಿರೋರು ಅಮೆರಿಕದ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್. 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ಜಾಝ್ ತಂಡ ಸೇರಿದ್ರು, 1942ರಲ್ಲಿ ಕ್ಷಯದಿಂದ ತೀರಿಕೊಂಡ್ರು. ವಯಸ್ಸು ಬರೀ 25. ಅಷ್ಟರೊಳಗೆ, ತಾಳಕ್ಕಷ್ಟೇ ಅಂತಿದ್ದ ಗಿಟಾರನ್ನ ಸ್ಯಾಕ್ಸೋಫೋನ್‌ಗೆ ಸರಿಸಮ ನಿಲ್ಲಿಸಿಬಿಟ್ರು.

ಇಂಥ ಫೋಟೋಗಳ ಕೆಳಗೆ 'ಗಿಬ್ಸನ್ ಇಎಸ್-150' ಅಂತ, ಗಿಬ್ಸನ್ ಕಂಪನಿಯ ಒಂದು ಎಲೆಕ್ಟ್ರಿಕ್ ಗಿಟಾರ್ ಮಾಡೆಲ್ ಹೆಸರು ಬರೆದುಬಿಡ್ತಾರೆ. ಕಣ್ಣುಮುಚ್ಚಿ ನಂಬಬೇಡಿ.

ಫಿಂಗರ್‌ಬೋರ್ಡ್, ಅಂದ್ರೆ ಬೆರಳಿಂದ ತಂತಿ ಒತ್ತೋ ಪಟ್ಟಿ, ಮುಗಿಯೋ ಜಾಗಕ್ಕೆ ಝೂಮ್ ಮಾಡ್ತೀನಿ. ತಂತಿಗಳ ಅಡಿಯಲ್ಲಿ ಒಂದು ಲೋಹದ ಪಟ್ಟಿ, ಅದರ ಆಚೀಚೆ ಮರದ ಮೇಲೆ ಮೂರು ಸ್ಕ್ರೂ ತಲೆ. ಕಾಣಿಸ್ತಾ? ಇದು ಪಿಕಪ್, ಅಂದ್ರೆ ತಂತಿಯ ಕಂಪನವನ್ನ ವಿದ್ಯುತ್ ಸಂಕೇತ ಮಾಡೋ ಭಾಗ. ಆ ಕಾಲದ ಪಿಕಪ್ ಆಯಸ್ಕಾಂತಗಳು ಉದ್ದ, ಭಾರ. ಅದಕ್ಕೇ ಗಿಬ್ಸನ್‌ನವರು ಅವನ್ನ ಗಿಟಾರಿನ ಹೊಟ್ಟೆಯೊಳಗೆ ಇಟ್ಟು, ಮೇಲಿಂದ ಮೂರು ಸ್ಕ್ರೂ ಹಾಕಿ ತೂಗುಬಿಟ್ರು. ಇದಕ್ಕೇ ಈಗ ಎಲ್ಲರೂ 'ಚಾರ್ಲಿ ಕ್ರಿಶ್ಚಿಯನ್ ಪಿಕಪ್' ಅನ್ನೋದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಇಎಸ್-150ಯಲ್ಲಿ ಪಿ-90 ಅನ್ನೋ ಬೇರೆ ಜಾತಿಯ ಪಿಕಪ್ ಇದೆ, ಈ ಮೂರು ಸ್ಕ್ರೂ ಇಲ್ಲ. ಹೆಸರು ಅದೇ, ಗಿಟಾರ್ ಬೇರೆ. ಹಳೇ ಗಿಟಾರ್ ಕೊಳ್ಳೋಕೆ ಹೊರಟೋರು ಮೊದಲು ಇಲ್ಲಿ ಕಣ್ಣು ಹಾಯಿಸಿ.

ಸ್ಕ್ರೂ ಸಿಕ್ತು ಅಂತ 150 ಅಂದುಬಿಡಂಗೂ ಇಲ್ಲ. 1939ರ ಇಎಸ್-250ಯಲ್ಲೂ ಇದೇ ಜಾತಿಯ ಪಿಕಪ್, ಚಾರ್ಲಿ ಅದನ್ನೂ ನುಡಿಸ್ತಿದ್ರು. ಅಂದಹಾಗೆ 1936ರಲ್ಲಿ ಬಂದ 150ಕ್ಕೆ ಆ ನಂಬರ್ ಬಂದಿದ್ದು ಬೆಲೆಯಿಂದ: ಗಿಟಾರ್, ಆಂಪ್ಲಿಫೈಯರ್, ಕೇಬಲ್ ಎಲ್ಲ ಸೇರಿ ಸುಮಾರು 150 ಡಾಲರ್.

ಈಗ ಕುತ್ತಿಗೆ ನೋಡಿ. 150ಯಲ್ಲಿ ಫ್ರೆಟ್‌ಗಳ, ಅಂದ್ರೆ ಅಡ್ಡಡ್ಡ ಲೋಹದ ಗೆರೆಗಳ, ಮಧ್ಯೆ ಪುಟ್ಟ ಚುಕ್ಕೆಗಳು. 250ಯಲ್ಲಿ ಅಗಲವಾದ, ತೆರೆದ ಪುಸ್ತಕದ ಆಕಾರದ ಮುತ್ತುಚಿಪ್ಪಿನ ಹಾಳೆಗಳು. ಒಡಲು ಕೂಡ 17 ಇಂಚು, 150ಕ್ಕಿಂತ ಸ್ವಲ್ಪ ಅಗಲ. ಆದ್ರೆ ಅದನ್ನ ಫೋಟೋದಲ್ಲಿ ಅಳೆಯೋಕೆ ಹೋಗಬೇಡಿ, ಕ್ಯಾಮೆರಾ ಕೋನ ಮೋಸ ಮಾಡುತ್ತೆ. ಇನ್ನೊಂದು: ಎಡಗೈಯಲ್ಲಿ ಮೀಟ್ತಿರೋ ಹಾಗೆ ಕಂಡ್ರೆ ನೆಗೆಟಿವ್ ತಿರುವುಮುರುವಾಗಿದೆ ಅಂತಲೇ ಅನುಮಾನ ಪಡಿ.

ನಮ್ಮ ಫೋಟೋದಲ್ಲಿ ಅಗಲದ ಹಾಳೆಗಳು ಚೆನ್ನಾಗೇ ಕಾಣ್ತಿವೆ. ನನ್ನ ಮತ 250ಕ್ಕೆ.

ಇದು ಮಾಡೆಲ್ ಗುರುತಷ್ಟೇ. ಯಾರಾದ್ರೂ 250 ಒಂದನ್ನ ತಂದು 'ಚಾರ್ಲಿ ನುಡಿಸಿದ್ದು ಇದೇ' ಅಂದ್ರೆ ಅದು ಬೇರೆಯೇ ಕೇಸು. ಆಗ ಎಫ್ ಆಕಾರದ ಕಿಂಡಿಯೊಳಗೆ ಟಾರ್ಚ್ ಬಿಟ್ಟು ಕಾರ್ಖಾನೆ ನಂಬರ್ ಹುಡುಕಬೇಕು, ಮರದ ಎಳೆ, ಗೀರು, ಕಲೆ ಒಂದೊಂದನ್ನೂ ಹಳೇ ಫೋಟೋ ಜೊತೆ ತಾಳೆ ನೋಡಬೇಕು.