ಬೇಡ ಅನ್ನೋ ಹಕ್ಕು: ಅಮೆರಿಕದ ಜ್ಯೂರಿ ಕಥೆ

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದಲ್ಲಿ ನೆಲೆಸಿ ಅಲ್ಲಿಯ ಸಿಟಿಜನ್‌ಶಿಪ್ ತಗೊಂಡಿರೋ ನಮ್ಮವರನ್ನ ಕೇಳಿ ನೋಡಿ, ಜ್ಯೂರಿ ಡ್ಯೂಟಿ ಕಾಗದ ಬಂತಾ ಅಂತ. ಜ್ಯೂರಿ ಅಂದ್ರೆ ಕೋರ್ಟಲ್ಲಿ ಕೂತು ಕೇಸು ಕೇಳಿ, ಆರೋಪಿ ತಪ್ಪು ಮಾಡಿದಾನೋ ಇಲ್ವೋ ಅಂತ ತೀರ್ಮಾನ ಮಾಡೋ ಸಾಮಾನ್ಯ ಜನರ ಗುಂಪು. ಗ್ರೀನ್ ಕಾರ್ಡ್ ಇರೋವರೆಗೂ ಆ ತಲೆನೋವಿಲ್ಲ, ಸಿಟಿಜನ್ ಆದ್ಮೇಲೆ ಕರೆದಾಗ ಕೋರ್ಟಿಗೆ ಹೋಗ್ಲೇಬೇಕು. ಆದ್ರೆ ಹೋದೋರೆಲ್ಲ ಜ್ಯೂರಿಲಿ ಕೂರಲ್ಲ, ಎಷ್ಟೋ ಜನ ನಾಕು ಪ್ರಶ್ನೆಗೆ ಉತ್ತರ ಹೇಳಿ, ಥ್ಯಾಂಕ್ಯೂ ನೀವಿನ್ನು ಹೊರಡಬಹುದು ಅನ್ನಿಸ್ಕೊಂಡು ಮನೆಗೆ ಬರ್ತಾರೆ.

ನಮ್ಮ ದೇಶದಲ್ಲಿ ಜ್ಯೂರಿ ಪದ್ಧತಿ ಹೋಗಿ ಯಾವ ಕಾಲ ಆಯ್ತೋ, ಜ್ಯೂರಿ ಮುಂದೆ ನಡೆದ 1959ರ ನಾನಾವತಿ ಕೊಲೆ ಕೇಸು ಹಳಬರಿಗೆ ನೆನಪಿರಬಹುದು ಅಷ್ಟೇ. ಹಾಗಾಗಿ ವಕೀಲರು ತಮಗೆ ಬೇಕಾದೋರನ್ನ ಆರಿಸ್ಕೋತಾರೆ ಅಂತ ನಾವು ಅಂದ್ಕೊಂಡಿರ್ತೀವಿ. ಹಾಗಲ್ಲ. ಇವರು ನನಗೆ ಬೇಕು ಅಂತ ಕೇಳೋ ಅಧಿಕಾರ ಅಲ್ಲಿ ಯಾವ ವಕೀಲರಿಗೂ ಇಲ್ಲ, ಬೇಡ ಅನ್ನೋ ಅಧಿಕಾರ ಮಾತ್ರ ಇದೆ, ಎರಡೂ ಕಡೆಯೋರು ಬೇಡ ಬೇಡ ಅಂದು ಮುಗಿದ ಮೇಲೆ ಉಳಿದೋರೇ ಜ್ಯೂರಿ.

ಈ ಬೇಡ ಅನ್ನೋದ್ರಲ್ಲಿ ಎರಡು ಥರ. ಆರೋಪಿ ನಿಮ್ಮ ಭಾವಮೈದ, ಅಥವಾ ಪೊಲೀಸ್ನೋರು ಹೇಳಿದ್ದೆಲ್ಲ ನಿಜ ಅಂತ ನೀವೇ ಬಾಯಿಬಿಟ್ರಿ, ಇಂಥ ಕಾರಣ ತೋರ್ಸಿ ಜಡ್ಜ್ ಒಪ್ಪಿದ್ರೆ ಎಷ್ಟು ಜನರನ್ನ ಬೇಕಾದ್ರೂ ತೆಗೀಬಹುದು. ಇನ್ನೊಂದು ಕಾರಣಾನೇ ಹೇಳದೆ ತೆಗೆಯೋದು. ಇದಕ್ಕೆ ಲೆಕ್ಕ ಇದೆ, ಫೆಡರಲ್ ಅಂದ್ರೆ ಕೇಂದ್ರದ ಕೋರ್ಟಲ್ಲಿ ದೊಡ್ಡ ಕ್ರಿಮಿನಲ್ ಕೇಸಾದ್ರೆ ಸರ್ಕಾರ 6 ಜನರನ್ನ, ಆರೋಪಿ ಕಡೆಯೋರು 10 ಜನರನ್ನ ಹೀಗೆ ತೆಗೀಬಹುದು, ಗಲ್ಲು ಶಿಕ್ಷೆ ಕೇಳೋ ಕೇಸಾದ್ರೆ ಇಬ್ಬರಿಗೂ ಇಪ್ಪತ್ತಿಪ್ಪತ್ತು.

ಗಲಾಟೆ ಎಲ್ಲ ಈ ಎರಡನೇದ್ರದ್ದೇ. ಮುಖ ನೋಡಿ, ಕೆಲಸ ನೋಡಿ, ಮನಸ್ಸಿಗೆ ಸರಿ ಬರ್ಲಿಲ್ಲ ಅಂತ ತೆಗೆಯೋದು ಅಂತ ಹೆಸರಿಗೆ, ಆದ್ರೆ ಕರಿಯರ ಮೇಲಿನ ಕೇಸಲ್ಲಿ ಕರಿಯರನ್ನೇ ಹುಡುಕಿ ಹುಡುಕಿ ಎಬ್ಬಿಸ್ತಿದ್ರು. ಕೆಂಟಕಿಯ ಲೂಯಿವಿಲ್‌ನಲ್ಲಿ ಬ್ಯಾಟ್ಸನ್ ಅನ್ನೋನ ಕಳ್ಳತನದ ಕೇಸಲ್ಲಿ ಇದ್ದ ನಾಲ್ಕೂ ಜನ ಕರಿಯರನ್ನ ಸರ್ಕಾರಿ ವಕೀಲರು ತೆಗೆದುಹಾಕಿದ್ರು. ಅದು ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ತೀರ್ಪು ಬಂತು, ಬಣ್ಣ ನೋಡಿ ತೆಗೆಯೋ ಹಾಗಿಲ್ಲ, ಅನುಮಾನ ಬಂದ್ರೆ ವಕೀಲರು ಬೇರೆ ಕಾರಣ ಕೊಡ್ಬೇಕು ಅಂತ.

ಕಾರಣ ಕೊಡೋದೇನು ಕಷ್ಟ ಹೇಳಿ, ಅದೂ ವಕೀಲರಿಗೆ!

ಮಾರನೇ ವರ್ಷವೇ ಜಾರ್ಜಿಯಾದಲ್ಲಿ ತಿಮೋತಿ ಫಾಸ್ಟರ್ ಅನ್ನೋ ಕರಿಯ ಹುಡುಗನ ಕೊಲೆ ಕೇಸು ನಡೀತು. ಅಲ್ಲೂ ಉಳಿದಿದ್ದ ನಾಲ್ವರು ಕರಿಯರನ್ನೂ ತೆಗೆದ್ರು. ಅದ್ರಲ್ಲಿ ಒಬ್ಬ ಹೆಂಗಸಿಗೆ ಕೊಟ್ಟ ಕಾರಣಗಳಲ್ಲಿ ಒಂದು, ಆಕೆ ವಯಸ್ಸು ಆರೋಪಿ ವಯಸ್ಸಿಗೆ ಹತ್ತಿರ ಅಂತ. ಆಕೆಗೆ 34, ಅವನಿಗೆ 19. ಅದೇ ಜ್ಯೂರಿಲಿ 21 ವರ್ಷದ ಬಿಳಿಯರೊಬ್ಬರನ್ನ ಆರಾಮಾಗಿ ಕೂರಿಸ್ಕೊಂಡಿದ್ರು. ಎಷ್ಟೋ ವರ್ಷ ಆದ್ಮೇಲೆ ಸರ್ಕಾರಿ ವಕೀಲರ ಫೈಲು ಹೊರಗೆ ಬಂತು, ಲಿಸ್ಟಲ್ಲಿ ಕರಿಯರ ಹೆಸರಿಗೆಲ್ಲ ಹಸಿರು ಹೈಲೈಟರ್ ಬಳಿದು ಪಕ್ಕದಲ್ಲಿ ಬ್ಲ್ಯಾಕ್ ಅನ್ನೋದಕ್ಕೆ ಇಂಗ್ಲಿಷ್ ಅಕ್ಷರ ಬಿ ಅಂತ ಬರೆದಿತ್ತು. ಸುಪ್ರೀಂ ಕೋರ್ಟ್ ಆ ಶಿಕ್ಷೆ ತಳ್ಳಿಹಾಕಿದ್ದು 2016ರಲ್ಲಿ, ಅಲ್ಲೀತನಕ ಗಲ್ಲಿನ ಶಿಕ್ಷೆ ಆ ಮನುಷ್ಯನ ತಲೆ ಮೇಲಿತ್ತು.

ಹೋಗ್ಲಿ, ಎಲ್ಲರ ಫೈಲೂ ಸಿಗಲ್ವಲ್ಲ. ಅಂಥ ಕಡೆ ಪ್ರಶ್ನೆ ಎಣಿಸ್ಬೇಕು. ಮಿಸಿಸಿಪಿಯ ಕರ್ಟಿಸ್ ಫ್ಲವರ್ಸ್ ಮೇಲೆ ಒಂದೇ ಕೊಲೆ ಕೇಸಲ್ಲಿ ಆರು ಸಲ ವಿಚಾರಣೆ ಆಯ್ತು, ಆರೂ ಸಲ ಅದೇ ಸರ್ಕಾರಿ ವಕೀಲ, ತೆಗೆಯೋಕೆ ಅವಕಾಶ ಸಿಕ್ಕ 42 ಕರಿಯರಲ್ಲಿ 41 ಜನರನ್ನ ತೆಗೆದಿದ್ರು. ಆರನೇ ಸಲ, ತೆಗೆದುಹಾಕಿದ ಐದು ಜನ ಕರಿಯರಿಗೆ ಒಟ್ಟು 145 ಪ್ರಶ್ನೆ ಕೇಳಿದ್ರು, ಜ್ಯೂರಿಲಿ ಕೂತ 11 ಬಿಳಿಯರಿಗೆಲ್ಲ ಸೇರಿ 12 ಪ್ರಶ್ನೆ. ಅಷ್ಟೊಂದು ಕೆದಕಿದ್ರೆ ಯಾರ ಬಾಯಲ್ಲಾದ್ರೂ ಒಂದು ತಪ್ಪು ಮಾತು ಬಂದೇ ಬರತ್ತೆ, ಅದನ್ನೇ ಕಾರಣ ಅಂತ ಬರ್ಕೊಳ್ಳೋದು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆನೂ ರದ್ದು ಮಾಡ್ತು, ಮರುವರ್ಷ ಕೇಸೇ ಕೈಬಿಟ್ರು.

ಕಾರಣ ಹೇಳದೆ ತೆಗೆಯೋದನ್ನೇ ಪೂರಾ ನಿಲ್ಲಿಸಿ, ಇಲ್ದಿದ್ರೆ ಇದು ಹೋಗಲ್ಲ ಅಂತ 1986ರಲ್ಲೇ ಜಸ್ಟಿಸ್ ತರ್ಗುಡ್ ಮಾರ್ಷಲ್ ಬರೆದಿದ್ರು, ಆ ಕೋರ್ಟಿನ ಮೊದಲ ಕರಿಯ ಜಡ್ಜ್ ಅವರು. ನನಗೂ ಅವರ ಮಾತೇ ಸರಿ ಅನ್ಸತ್ತೆ. ಆರೋಪಿಗಳ ಪರ ವಾದ ಮಾಡೋ ವಕೀಲರಲ್ಲೂ ಎಷ್ಟೋ ಜನ ಇದನ್ನ ಒಪ್ಪಲ್ಲ, ನಮ್ಮ ಕಕ್ಷಿದಾರನ್ನ ಕೆಕ್ಕರಿಸಿ ನೋಡ್ತಾ ಕೂತಿರೋನನ್ನ ಎಬ್ಬಿಸೋಕೆ ನಮಗಿರೋದು ಇದೊಂದೇ ದಾರಿ ಅಂತಾರೆ, ಅದನ್ನೂ ತಳ್ಳಿಹಾಕೋ ಹಾಗಿಲ್ಲ. ಇಂಗ್ಲೆಂಡ್ 1988ರಲ್ಲೇ ಇದನ್ನ ಕಿತ್ತುಹಾಕ್ತು, ಕೆನಡಾ 2019ರಲ್ಲಿ. ಅಮೆರಿಕದಲ್ಲಿ ಮೊದಲು ಕೈಬಿಟ್ಟಿದ್ದು ಅರಿಜೋನಾ ರಾಜ್ಯ, 2022ರ ಜನವರಿಯಿಂದ ಅಲ್ಲಿ ಜಡ್ಜ್ ಒಪ್ಪೋ ಕಾರಣ ಇಲ್ದೆ ಯಾವ ವಕೀಲರೂ ಯಾರನ್ನೂ ಮನೆಗೆ ಕಳ್ಸೋ ಹಾಗಿಲ್ಲ.